ಒಲ್ಲೆ ಎನ್ನಲು ಬಿಡಿ

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದಲೋ ಕಲಬುರಗಿಯಿಂದಲೋ ಪ್ರಶ್ನಾವಳಿ ಹಿಡಿದು ಭೂಸನೂರಿನ ಕಡೆ ಹೊರಟಿರುವ ಗೆಳೆಯರೇ, ಊರೊಳಗೆ ಯಾರ ಹಿಂದೆ ಹೋಗುತ್ತೀರಿ? ಪಂಚಾಯಿತಿ ಮೆಂಬರ್ ಹಿಂದೆಯೋ, ಕಬ್ಬು ಕಟಾವಿನ ಗ್ಯಾಂಗಿನ ಮುಕಾದಮನ ಹಿಂದೆಯೋ? ಹಾಗೆ ಹೋದರೆ ಕೆಲಸ ಸಲೀಸು, ಬಲ್ಲೆ. ಖುರ್ಚಿ ಬರುತ್ತದೆ, ಚಹಾ ಬರುತ್ತದೆ, ಎಲ್ಲರೂ ‘ಬರಕೋರಿ ಸರ’ ಅನ್ನುತ್ತಾರೆ. ಆದರೆ ಕೂಲಿಗೆ ಮುಂಗಡ ಕೊಟ್ಟ ಮುಕಾದಮ ಪಕ್ಕದಲ್ಲೇ ನಿಂತಿರುವಾಗ ತಾಂಡಾದ ಹೆಣ್ಣುಮಗಳು ನಿಮಗೆ ಒಲ್ಲೆ ಎನ್ನುವುದಾದರೂ ಹೇಗೆ?

ಸಾಮಾಜಿಕ ಮನೋವಿಜ್ಞಾನ ಓದಿದವರಿಗೆ ಇದನ್ನು ಹೇಳಬೇಕಾಗಿ ಬಂದಿದೆಯಲ್ಲ! ಸ್ಟ್ಯಾನ್ಲಿ ಮಿಲ್‌ಗ್ರಾಂ 1963ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೀವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ. ಕೋಟು ತೊಟ್ಟವನೊಬ್ಬ ಮುಂದುವರಿಸಿ ಎಂದದ್ದಕ್ಕೆ 40 ಜನರಲ್ಲಿ 26 ಮಂದಿ ಗೋಡೆಯಾಚೆಯವನಿಗೆ ಶಾಕ್ ಕೊಡುತ್ತಿದ್ದೇವೆಂದು ನಂಬಿ 450 ವೋಲ್ಟ್‌ವರೆಗೂ ಸ್ವಿಚ್ಚು ಒತ್ತಿದರು. ನಿಜಕ್ಕೆ ಅವನಿಗೆ ಶಾಕ್ ತಗಲುತ್ತಿರಲಿಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಬಂದ ಕೂಡಲೇ ಅವರ ಕೈಗೆ ಹಣ ಕೊಟ್ಟು, ಏನೇ ಆದರೂ ಇದು ನಿಮ್ಮದೇ ಎಂದೂ ಹೇಳಲಾಗಿತ್ತು. ಎದ್ದು ಹೋದರೆ ಆ ಹಣಕ್ಕೇನೂ ಕುತ್ತಿರಲಿಲ್ಲ. ಆದರೂ ಏಳಲಾಗಲಿಲ್ಲ. ಕಬ್ಬು ಕಡಿಯುವವರಿಗೆ ಕಳೆದುಕೊಳ್ಳಲು ಇಡೀ ಹಂಗಾಮಿನ ಕೂಲಿಯೇ ಇದೆ. ಅವರ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನುತ್ತೀರಾ? ಅದು ವಿಧೇಯತೆ, ನೀವು ಅಳೆಯಬೇಕಾದ ವಸ್ತುವೇ ನಿಮ್ಮ ಅಳತೆಗೋಲಿನೊಳಗೆ ಸೇರಿಕೊಂಡಿದೆ. ಅಂಜಿ ಕೊಟ್ಟ ಉತ್ತರದಿಂದ ಎಂಥ ವಿಜ್ಞಾನ ಹುಟ್ಟೀತು?

ಓದಲು ಬಾರದವರ ಒಪ್ಪಿಗೆಗೆ ನಿಷ್ಪಕ್ಷ ಸಾಕ್ಷಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಮುಕಾದಮ ನಿಷ್ಪಕ್ಷನೇ? ಇನ್ನು, ಗುರುತು ಸಿಗದಂತೆ ಹೆಸರು ಬದಲಿಸಿದ್ದೇವೆ ಎನ್ನಬೇಡಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಅಧ್ಯಯನ ಮಾಡಿದ ಹಳ್ಳಿಯನ್ನು ‘ರಾಮಪುರ’ ಎಂದು ಕರೆದರು. ನಿಜವಾದ ಊರು ಯಾವುದೆಂದು ಆಮೇಲೆ ಜನಕ್ಕೆ ತಿಳಿದೇಹೋಯಿತು. ‘ಎರಡು ಎಕರೆ ತೊಗರಿ ಹೊಲ, ಗಂಡ ಪುಣೆಯಲ್ಲಿ’ ಎಂದು ಬರೆದರೆ ಯಾರೆಂದು ಊರೆಲ್ಲ ಹೇಳುತ್ತದೆ.

ಮೊದಲ ದಿನ ಬರೀ ವಿಷಯ ತಿಳಿಸಿ, ಉತ್ತರಕ್ಕೆ ಮರುದಿನ ಹೋಗಿ, ಒಬ್ಬರೇ ಹೋಗಿ. ಬೇಡವೆಂದರೂ ನಡೆಯುತ್ತದೆ, ನಡುವೆ ನಿಲ್ಲಿಸಿದರೂ ನಡೆಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಮರಾಠಿಯವರಿಗೆ ಮರಾಠಿಯಲ್ಲಿ, ಲಂಬಾಣಿಗರಿಗೆ ಲಂಬಾಣಿಯಲ್ಲಿ. ಪ್ರಬಂಧ ಮುಗಿದ ಮೇಲೆ ಅದೇ ಊರಿಗೆ ಬಂದು ಏನು ಕಂಡಿರೆಂದು ತಿಳಿಸಿ.

ಮಾರ್ಗದರ್ಶಕರೇ, ನಿಮ್ಮಲ್ಲೂ ಒಂದು ಕೇಳಿಕೆ: ಎಷ್ಟು ಜನ ಒಲ್ಲೆ ಎಂದರು ಎಂಬ ಅಂಕಣವನ್ನು ಪ್ರತಿ ಪ್ರಬಂಧದಲ್ಲೂ ಕಡ್ಡಾಯ ಮಾಡಿ. ಅಲ್ಲಿ ಸೊನ್ನೆ ಕಂಡರೆ ಸಹಿ ಹಾಕದೆ, ಒಪ್ಪಿಗೆ ಕೇಳುವಾಗ ಪಕ್ಕದಲ್ಲಿ ಯಾರು ನಿಂತಿದ್ದರೆಂದು ವಿಚಾರಿಸಿ.