ನಮ್ಮ ಹಳಿಯ ಕಾಗದ ನಮ್ಮಲ್ಲಿರಲಿ

ನರಗುಂದಕ್ಕೆ ರೈಲಿಲ್ಲ. ಗಜೇಂದ್ರಗಡಕ್ಕೂ ಇಲ್ಲ. ರೋಣದವರು ರೈಲು ಹತ್ತಬೇಕಾದರೆ ಮಲ್ಲಾಪುರಕ್ಕೋ ಹೊಳೆಆಲೂರಿಗೋ ಹೋಗಬೇಕು. ಇಂಥ ಸೀಮೆಯಲ್ಲಿ ಕುಳಿತು ನಾನು ಮೂವತ್ತು ವರ್ಷಗಳಿಂದ ರೈಲಿನ ಪುಸ್ತಕಗಳನ್ನು ಕೂಡಿಹಾಕುತ್ತಿದ್ದೇನೆ. ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕಪಾಟು, ಒಂದು ಕಬ್ಬಿಣದ ಟ್ರಂಕು. ಬಂದವರು ಕೇಳುವುದು ಒಂದೇ ಮಾತು: ‘ಮಾಸ್ತರ, ಊರಿಗೆ ರೈಲೇ ಇಲ್ಲ, ನೀವು ರೈಲಿನ ಪುಸ್ತಕ ಇಟಕೊಂಡು ಏನ್ ಮಾಡ್ತೀರಿ?’ ಊರಿಗೆ ರೈಲಿಲ್ಲ ಎಂಬ ಕಾರಣಕ್ಕೇ ಈ ಪುಸ್ತಕಗಳು ಇಲ್ಲಿ ಇರಬೇಕು ಎಂದು ನಾನು ನಂಬಿದ್ದೇನೆ.

ಟ್ರಂಕು ನಮ್ಮಪ್ಪನದು. ಆತ ಮೀಟರ್ ಗೇಜ್ ಕಾಲದಲ್ಲಿ ಹೊಳೆಆಲೂರು ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ನನಗೆ ಇಂಗ್ಲಿಷ್ ಅಕ್ಷರ ಬಂದದ್ದು ಶಾಲೆಯಲ್ಲಲ್ಲ, ಎಂಜಿನ್ನಿನ ಪಕ್ಕೆಯ ಮೇಲೆ. ‘ವೈ’ ಅಂದರೆ ಮೀಟರ್ ಗೇಜ್, ‘ಪಿ’ ಅಂದರೆ ಪ್ಯಾಸೆಂಜರ್, ‘ಜಿ’ ಅಂದರೆ ಗೂಡ್ಸ್. ವೈಪಿ ಬಂದರೆ ಅಪ್ಪ ಗಾಲಿ ಎಣಿಸಲು ಹೇಳುತ್ತಿದ್ದ: ‘ಮುಂದ ನಾಕು, ನಡುವ ಆರು, ಹಿಂದ ಎರಡು.’ ವೈಜಿ ಬಂದರೆ ‘ಮುಂದ ಎರಡು, ನಡುವ ಎಂಟು, ಹಿಂದ ಎರಡು.’ ಮುಂದೆ ಡೀಸೆಲ್ ಬಂದಿತು, ವೈಡಿಎಂ-4. ಅದರ ಗಾಲಿ ಎಣಿಸುವುದರಲ್ಲಿ ಅಪ್ಪನಿಗೆ ರುಚಿ ಇರಲಿಲ್ಲ.

ಆತ ತೀರಿಕೊಂಡ ಮೇಲೆ ಟ್ರಂಕು ತೆರೆದೆವು. ಒಂದು ಹಸಿರು ಬಾವುಟ, ಹತ್ತು ಹನ್ನೆರಡು ವರ್ಷಗಳ ಟೈಮ್ ಟೇಬಲ್ ಪುಸ್ತಕಗಳು, ಮತ್ತೆ ಇಲಾಖೆಯ ನಿಯಮಗಳ ದಪ್ಪ ಪುಸ್ತಕ. ಆ ನಿಯಮ ಪುಸ್ತಕದಲ್ಲಿ ಪುಟಕ್ಕೊಂದು ತಿದ್ದುಪಡಿ ಚೀಟಿ ಅಂಟಿಸಿದ್ದ. ರೈಲ್ವೆಯಲ್ಲಿ ನಿಯಮ ಬದಲಾದಾಗ ಚಿಕ್ಕ ಚೀಟಿ ಅಚ್ಚು ಮಾಡಿಸಿ ಎಲ್ಲರಿಗೂ ಕಳಿಸುತ್ತಾರೆ, ಅವರವರು ತಮ್ಮ ಪುಸ್ತಕದಲ್ಲಿ ಅಂಟಿಸಿಕೊಳ್ಳಬೇಕು. ಇನ್‌ಸ್ಪೆಕ್ಟರ್ ಬಂದಾಗ ಅದನ್ನು ನೋಡುತ್ತಾರೆ. ಅಪ್ಪ ಪ್ರತಿ ಚೀಟಿಯ ಪಕ್ಕ ತಾರೀಖು ಬರೆದು ಸಹಿ ಮಾಡಿದ್ದ. ಇಂಥ ಪುಸ್ತಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಟೈಮ್ ಟೇಬಲ್‌ಗಳ ಪೈಕಿ ಎರಡನ್ನು ಅವ್ವ ಹಾಳೆ ಬಿಡಿಸಿ ನಾಗಂದಿಗೆಗೆ ಹಾಸಿದ್ದಳು. ಅವುಗಳ ಮೇಲೆ ಉಪ್ಪಿನಕಾಯಿ ಭರಣಿಯ ಎಣ್ಣೆ ಇಳಿದಿದೆ. ಅವನ್ನೂ ಇಟ್ಟುಕೊಂಡಿದ್ದೇನೆ.

ಕೊಂಡು ತಂದ ಮೊದಲ ಪುಸ್ತಕ ಎಂ.ಎ. ರಾವ್ ಅವರ ‘ಇಂಡಿಯನ್ ರೈಲ್ವೇಸ್’, ನ್ಯಾಷನಲ್ ಬುಕ್ ಟ್ರಸ್ಟ್ 1975ರಲ್ಲಿ ಹೊರತಂದದ್ದು. ಧಾರವಾಡದಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತು, ಮೇಲಿನ ಹೊದಿಕೆ ಹರಿದಿತ್ತು. ಹೊಸದಾಗಿ ಓದುವವರಿಗೆ ಇಂದಿಗೂ ನಾನು ಮೊದಲು ಕೊಡುವುದು ಅದನ್ನೇ. ಆಮೇಲೆ ಹ್ಯೂ ಹ್ಯೂಸ್ ಅವರ ‘ಇಂಡಿಯನ್ ಲೋಕೋಮೋಟಿವ್ಸ್’. 1990ರಿಂದ 1996ರ ನಡುವೆ ಇಂಗ್ಲೆಂಡಿನಲ್ಲಿ ನಾಲ್ಕು ಭಾಗಗಳಲ್ಲಿ ಬಂದ ಪುಸ್ತಕ. ಎರಡನೆಯ ಭಾಗ ಪೂರ್ತಿ ಮೀಟರ್ ಗೇಜಿನದು, 1872ರಿಂದ 1940ರವರೆಗಿನದು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಾಗ ಬಟ್ಟೆಯ ನಡುವೆ ಸುತ್ತಿ ತಂದುಕೊಟ್ಟ. ಆ ಪುಸ್ತಕದಲ್ಲಿ ಕತೆ ಇಲ್ಲ, ಎಂಜಿನ್ನುಗಳ ಪಟ್ಟಿ ಇದೆ. ಯಾವ ಕಂಪನಿಗೆ ಯಾವ ಕಾರ್ಖಾನೆಯಿಂದ ಯಾವ ವರ್ಷ ಎಷ್ಟು ಬಂದವು ಎಂಬ ಲೆಕ್ಕ. ಅಪ್ಪನಿಗೆ ಇದನ್ನು ತೋರಿಸಲಾಗಲಿಲ್ಲವಲ್ಲ ಎಂದು ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ರೈಲಿನ ಪುಸ್ತಕ ಕೂಡಿಸಲು ಹೊರಟವರು ಹೆಚ್ಚಾಗಿ ದೊಡ್ಡ ಚಿತ್ರಗಳ ದುಬಾರಿ ಪುಸ್ತಕಗಳಿಗೆ ಮೊದಲು ಕೈ ಹಾಕುತ್ತಾರೆ. ಸಾಟೋ ಮತ್ತು ಡೆಸ್ಮಂಡ್ ಅವರ ‘ರೈಲ್ವೇಸ್ ಆಫ್ ದಿ ರಾಜ್’ ನನ್ನಲ್ಲೂ ಇದೆ, ಚೆಂದದ ಪುಸ್ತಕ. ಆದರೆ ನಮ್ಮ ಹಳಿಯ ಕತೆ ತಿಳಿಯಲು ಬೇರೆ ಪುಸ್ತಕ ಬೇಕು. ಮೊದಲು ನಿಮ್ಮೂರಿನ ಮಗ್ಗುಲಲ್ಲಿ ಹಾದುಹೋಗುವ ಹಳಿಗೆ ಸಂಬಂಧಿಸಿದ ಕಾಗದ ಕೂಡಿಸಿ, ಡಾರ್ಜಿಲಿಂಗ್, ಊಟಿ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಹಳಿ ಅಂದರೆ ಗದಗ–ಹೊಟಗಿ ಮಾರ್ಗ. 284 ಕಿ.ಮೀ. ಗದಗ ಬಿಟ್ಟು ಮಲ್ಲಾಪುರ, ಹೊಳೆಆಲೂರು ಹಾದು, ಮಲಪ್ರಭೆ ದಾಟಿ ಬಾದಾಮಿ, ಬಾಗಲಕೋಟೆ, ವಿಜಯಪುರದತ್ತ ಹೋಗುತ್ತದೆ. ಇದನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ. 1876–78ರ ಬರ, ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರದ ಬರ ಎಂದು ನೆನೆಯುತ್ತಿದ್ದುದು, ಈ ಎರೆಭೂಮಿಯನ್ನು ಸುಟ್ಟುಹಾಕಿತು. ಬೇರೆ ಕಡೆ ಕಾಳು ಇದ್ದರೂ ಇಲ್ಲಿಗೆ ತರಲು ದಾರಿ ಇರಲಿಲ್ಲ. ಎತ್ತಿನ ಗಾಡಿಯೇ ಗತಿ, ಎತ್ತಿಗೆ ಮೇವಿಲ್ಲ. ಬರದ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಬರಪೀಡಿತ ಸೀಮೆಗಳಿಗೆ ರಕ್ಷಣೆಯ ರೈಲು ಬೇಕು ಎಂಬ ವಾದಕ್ಕೆ ಬಲ ಬಂತು. 1882ರಲ್ಲಿ ಕಂಪನಿ ಹುಟ್ಟಿತು, 1884ರ ಹೊತ್ತಿಗೆ ಗದಗಿಗೆ ರೈಲು ಬಂತು. ಮರುವರ್ಷವೇ ಕಲಾದಗಿಯ ಜಿಲ್ಲಾಕೇಂದ್ರದ ಪಟ್ಟ ಹಳಿಯ ಮೇಲಿರುವ ವಿಜಯಪುರಕ್ಕೆ ಹೋಯಿತು.

ಇದನ್ನು ತಿಳಿಯಲು ನನಗೆ ಬೇಕಾದದ್ದು ರೈಲಿನ ಪುಸ್ತಕಗಳಷ್ಟೇ ಅಲ್ಲ. ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟ ಬೇಕಾಯಿತು, ಅದು ಬಂದದ್ದೂ 1884ರಲ್ಲೇ. ರೈಲು ಬರುವ ಮೊದಲು ಈ ಸೀಮೆಯ ಹತ್ತಿಯ ಬಗ್ಗೆ ವಾಲ್ಟನ್ ಬರೆದ ಪುಸ್ತಕ ಬೇಕಾಯಿತು. ಹತ್ತಿ ಎತ್ತ ಹೋಗುತ್ತಿತ್ತು ಎಂದು ತಿಳಿಯದೆ ಹಳಿ ಎತ್ತ ತಿರುಗಿತು ಎಂದು ತಿಳಿಯದು. ಇಯಾನ್ ಕೆರ್ ಅವರ ‘ಬಿಲ್ಡಿಂಗ್ ದಿ ರೈಲ್ವೇಸ್ ಆಫ್ ದಿ ರಾಜ್’ ಮಣ್ಣು ಹೊತ್ತವರ, ಕಲ್ಲು ಒಡೆದವರ ಪುಸ್ತಕ. ಎಂಜಿನ್ನಿನ ಮೇಲೆ ಹುಚ್ಚು ಇರುವವರು ಅದನ್ನು ಓದಲೇಬೇಕು, ಇಲ್ಲದಿದ್ದರೆ ಹಳಿ ತಾನಾಗಿ ಬಂದು ಮಲಗಿತು ಎಂದು ತಿಳಿದುಬಿಡುತ್ತೇವೆ.

ಇನ್ನು ಮನೆಯಲ್ಲಿ ಯಾಕೆ ಇಡಬೇಕು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಈ ಹಳಿಯ ಒಡೆತನದಲ್ಲೇ ಇದೆ. ಸದರ್ನ್ ಮರಾಠಾ ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು, ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡ ಅದೇ. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿ ಎಂ ಅಂಡ್ ಎಸ್‌ಎಂ ಆಯಿತು, ಯಜಮಾನಿಕೆ ಮದ್ರಾಸಿಗೆ ಹೋಯಿತು. 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, ಮುಖ್ಯ ಕಚೇರಿ ಸಿಕಂದರಾಬಾದ್. 2003ರಲ್ಲಿ ನೈರುತ್ಯ ರೈಲ್ವೆ, ಹುಬ್ಬಳ್ಳಿ. ಒಂದೇ ಹಳಿ, ಐದು ಹೆಸರು, ನಾಲ್ಕು ಊರು. ಬಾಡಿಗೆ ಮನೆ ಬದಲಿಸಿದಾಗ ನಮ್ಮ ಮನೆಯ ಕಾಗದಗಳೇ ಕಳೆಯುತ್ತವೆ, ಒಂದು ರೈಲ್ವೆ ಇಷ್ಟು ಸಲ ಮನೆ ಬದಲಿಸಿದರೆ ಏನೇನು ಕಳೆದಿರಬೇಡ?

ಕಳೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಮಾರ್ಗ ಬ್ರಾಡ್ ಗೇಜ್ ಆಯಿತು. ಮೀಟರ್ ಗೇಜ್ ನಿಂತ ಹೊಸತರಲ್ಲಿ ಒಂದು ನಿಲ್ದಾಣದ ಹಿಂಭಾಗದಲ್ಲಿ ಹಳೆಯ ರಜಿಸ್ಟರುಗಳನ್ನು ಕಟ್ಟು ಕಟ್ಟಿ ತಕ್ಕಡಿಗೆ ಹಾಕುತ್ತಿದ್ದರು. ರದ್ದಿಯವನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಿದ್ದ. ಟೋಕನ್ ರಜಿಸ್ಟರ್ ಒಂದನ್ನು ಕೇಳಿದೆ, ಕೊಡಲು ಬರುವುದಿಲ್ಲ ಅಂದರು. ತೂಕಕ್ಕೆ ಹಾಕಲು ಬರುತ್ತದೆ, ಓದುವವನ ಕೈಗೆ ಕೊಡಲು ಬರುವುದಿಲ್ಲ. ಆ ದಿನದ ಸಂಕಟ ಇಂದಿಗೂ ಹೋಗಿಲ್ಲ.

ಟೋಕನ್ ಅಂದರೆ ಈಗಿನ ಮಕ್ಕಳಿಗೆ ತಿಳಿಯದು. ಒಂಟಿ ಹಳಿಯ ಕಾಲದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರಬೇಕು. ಎರಡೂ ಕಡೆ ಒಂದೊಂದು ಯಂತ್ರ, ಒಳಗೆ ಲೋಹದ ಗುಂಡುಗಳು. ತಂತಿಯ ಮೂಲಕ ಆ ಯಂತ್ರಗಳು ಒಂದನ್ನೊಂದು ಹಿಡಿದಿರುತ್ತವೆ. ಒಂದು ಗುಂಡು ಹೊರಬಂದರೆ, ಅದು ಈ ಕಡೆಯ ಅಥವಾ ಆ ಕಡೆಯ ಯಂತ್ರದೊಳಗೆ ಸೇರುವವರೆಗೆ ಇನ್ನೊಂದು ಹೊರಬರುವುದಿಲ್ಲ. ಗುಂಡು ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಅದನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಹೋಗುವ ಗಾಡಿಯವನಿಗೆ ಅಪ್ಪ ಕೈಯೆತ್ತಿ ಕೊಡುತ್ತಿದ್ದ. ಡ್ರೈವರ್ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದ. ಅಪ್ಪನ ಬಲ ಮೊಣಕೈ ಮೇಲೆ ಆ ಬಳೆ ಬಡಿದ ಗಾಯದ ಗುರುತು ಕೊನೆಯವರೆಗೂ ಇತ್ತು. ಈಗ ಹಳಿ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಇದು ಸಂತೋಷದ ಮಾತು. ಗುಂಡು ಹೋದದ್ದಕ್ಕೆ ನನಗೆ ದುಃಖವಿಲ್ಲ, ಅದು ಹೇಗೆ ನಡೆಯುತ್ತಿತ್ತು ಎಂದು ಬರೆದಿಟ್ಟ ಪುಸ್ತಕ ಹೋದರೆ ದುಃಖವಿದೆ.

ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. ಗೆಜೆಟಿಯರ್ ಸಿಗುತ್ತದೆ, ನಿಜ, ನಾನೂ ಅಲ್ಲೇ ಮೊದಲು ಓದಿದ್ದು. ಆದರೆ ನೌಕರರಿಗೆಂದೇ ಅಚ್ಚಾದ ವರ್ಕಿಂಗ್ ಟೈಮ್ ಟೇಬಲ್, ತಿದ್ದುಪಡಿ ಚೀಟಿ, ಅಪ್ಪನ ಸಹಿ ಇವು ಸಿಗುವುದಿಲ್ಲ. ಕಾಗದ ಮನೆಯಲ್ಲಿ ಉಳಿದರೆ ತಾನೇ ಮುಂದೆ ಯಾರಾದರೂ ಅದನ್ನು ಮೊಬೈಲಿಗೆ ಹಾಕುವುದು!

ನನ್ನ ಹೆಂಡತಿಯ ತವರು ಗಜೇಂದ್ರಗಡ. ಅಲ್ಲಿಯ ಜನ ತಮ್ಮೂರಿಗೆ ರೈಲು ಬೇಕೆಂದು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿವರೆಗೆ ರೈಲು ಓಡಿತು, ಪಕ್ಕದ ಯಲಬುರ್ಗಿಗೂ ರೈಲು ಬಂತು, ಗಜೇಂದ್ರಗಡಕ್ಕೆ ಬರಲಿಲ್ಲ. ಆ ಹೊತ್ತಿನಲ್ಲಿ ಭಾವಮೈದ ನಮ್ಮ ಮನೆಗೆ ಬಂದ. ಮನವಿ ಬರೆಯಬೇಕಿತ್ತು. ‘ಮಾಮಾ, ಬ್ರಿಟಿಷರ ಕಾಲದಾಗಿನ ಕಾಗದ ಏನರ ಅದಾವೇನ್ರೀ?’ ಅಂದ. ಅವನು ಬರೆದುಕೊಂಡು ಬಂದಿದ್ದರಲ್ಲಿ ಸೀರೆ ನೇಕಾರರ ಸಂಖ್ಯೆ ಇತ್ತು, ಕಾಲಕಾಲೇಶ್ವರಕ್ಕೆ ಬರುವ ಭಕ್ತರ ಮಾತಿತ್ತು. ಎಲ್ಲವೂ ಸರಿಯೇ. ಆದರೆ ಇಲಾಖೆ ಕೇಳುವುದು ಒಂದೇ: ಹಾಕಿದ ದುಡ್ಡಿಗೆ ಎಷ್ಟು ಆದಾಯ ಬರುತ್ತದೆ?

ಇಬ್ಬರೂ ಕುಳಿತು ಗೆಜೆಟಿಯರ್, ಎಂ.ಎ. ರಾವ್, ಕೆರ್ ಎಲ್ಲವನ್ನೂ ಹರವಿಕೊಂಡೆವು. ಈ ಸೀಮೆಗೆ ಮೊದಲ ರೈಲು ಬಂದದ್ದು ಆದಾಯದ ಲೆಕ್ಕವೊಂದರಿಂದಲೇ ಅಲ್ಲ, ಬರದಲ್ಲಿ ಜನ ಸಾಯಬಾರದು ಎಂಬ ಕಾರಣಕ್ಕೆ. ಪರದೇಶಿ ಸರಕಾರ ಒಪ್ಪಿದ ಆ ಕಾರಣವನ್ನು ನಮ್ಮ ಸರಕಾರ ಒಪ್ಪಲಾರದೇ? ಈ ವಾಕ್ಯ ಮನವಿಯ ಮೊದಲ ಪುಟಕ್ಕೆ ಹೋಯಿತು. ರೈಲು ಬರುವುದೋ ಬಿಡುವುದೋ, ಆ ಮನವಿ ಬೇರೆ ಮನವಿಗಳಂತೆ ಬರೀ ಬೇಡಿಕೆಯಾಗಿ ಉಳಿಯಲಿಲ್ಲ, ವಾದವಾಯಿತು. ಪುಸ್ತಕದ ಕಪಾಟು ಇಲ್ಲದಿದ್ದರೆ ಆ ವಾಕ್ಯ ನಮಗೆ ಹೊಳೆಯುತ್ತಿರಲಿಲ್ಲ.

ಇಲ್ಲಿಯ ಅರಸ ಬಾಬಾಸಾಹೇಬರ 1858ರ ಬಂಡಾಯವನ್ನು, 1980ರ ರೈತ ಬಂಡಾಯವನ್ನು ನರಗುಂದದ ಚಿಕ್ಕ ಹುಡುಗರೂ ಹೇಳುತ್ತಾರೆ, ಹೇಳಬೇಕಾದದ್ದೇ. ಹಳಿಯ ಪಕ್ಕ ಬದುಕಿದವರದೂ ಈ ನೆಲದ ಚರಿತ್ರೆ ಎಂದು ಮಾತ್ರ ನಮಗಿನ್ನೂ ಅನ್ನಿಸಿಲ್ಲ. ನನ್ನ ಕಪಾಟಿನಲ್ಲಿರುವುದು ಬಹುಪಾಲು ಇಂಗ್ಲಿಷ್. ಗದಗ ಮುದ್ರಣಕಾಶಿ ಎಂದು ಹೆಸರಾದ ಊರು, ತೋಂಟದಾರ್ಯ ಮಠ ಒಂದೇ ನೂರಾರು ಪುಸ್ತಕ ಹೊರತಂದಿದೆ. ಇಂಥ ಊರಿನಿಂದ ಗದಗ–ಹೊಟಗಿ ಹಳಿಯ ಮೇಲೊಂದು ಕನ್ನಡ ಪುಸ್ತಕ ಬರಲೇಬೇಕು. ಗ್ಯಾಂಗ್‌ಮನ್, ಕೀಮನ್, ಗೇಟ್‌ಮನ್ ಆಗಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತು ಬರೆದುಕೊಳ್ಳಲು ಹೆಚ್ಚು ವರ್ಷ ಉಳಿದಿಲ್ಲ.

ಪುಸ್ತಕ ಕಾಯುವುದು ನಮ್ಮ ಕಡೆ ಸುಲಭವಲ್ಲ. ಮಾಳಿಗೆ ಮನೆ ಮಳೆಗೆ ಸೋರುತ್ತದೆ, ಗೋಡೆಯಲ್ಲಿ ಗೆದ್ದಲು, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟಿದ್ದೇನೆ, ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಹಾಕುತ್ತೇನೆ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಎಲ್ಲವನ್ನೂ ಹೊರಗೆ ತೆಗೆದು ಹಾಳೆ ತಿರುವುತ್ತೇನೆ. ಮೊಮ್ಮಗಳು ಈಗ ಗಾಲಿ ಎಣಿಸುತ್ತಾಳೆ, ಪುಸ್ತಕದ ಚಿತ್ರದಲ್ಲಿ.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ಸಂಗ್ರಹಾಲಯ ತೆರೆಯಿತು. ಅಲ್ಲಿಯ ಎರಡು ಹಳೆಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟಿದ್ದಾರೆ, ನೋಡಿ ಹಿಗ್ಗಿದೆ. ಅಲ್ಲಿ ಯಂತ್ರಗಳಿಗೆ ಕೊಟ್ಟಷ್ಟೇ ಮರ್ಯಾದೆ ಕಾಗದಕ್ಕೂ ಸಿಗಬೇಕು. ಹಳೆಯ ನಿಯಮ ಪುಸ್ತಕ, ಟೈಮ್ ಟೇಬಲ್‌ಗಳನ್ನು ಸಾಮಾನ್ಯ ಓದುಗ ಕುಳಿತು ಓದುವಂತಿರಬೇಕು. ನಿಲ್ದಾಣಗಳಿಂದ ರದ್ದಿಗೆ ಹೋಗುವ ಮುನ್ನ ರಜಿಸ್ಟರುಗಳು ಆ ಸಂಗ್ರಹಾಲಯದ ಬಾಗಿಲು ದಾಟಿ ಹೋಗಬೇಕು. ಹಳಿಯ ಪಕ್ಕದ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಈ ಹಳಿಯ ಕುರಿತು ಕನಿಷ್ಠ ಒಂದು ಸಾಲು ಪುಸ್ತಕ ಇರಬೇಕು. ನನ್ನ ಸಂಗ್ರಹದಲ್ಲಿ ಎರಡು ಪ್ರತಿ ಇರುವ ಪುಸ್ತಕಗಳನ್ನು ಕೊಡಲು ನಾನು ಸಿದ್ಧ.

ಮಲ್ಲಾಪುರ, ಹೊಳೆಆಲೂರು, ಬಾದಾಮಿ, ಬಾಗಲಕೋಟೆಯ ರೈಲ್ವೆ ಮನೆತನದವರೇ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಪ್ಪನ ಟ್ರಂಕು ತೆರೆಯಿರಿ. ಒಳಗೆ ಹಳೆಯ ಟೈಮ್ ಟೇಬಲ್, ಚೀಟಿ ಅಂಟಿಸಿದ ನಿಯಮ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.