ಒರಂಗಿಯ ಓಣಿಗಳು

ದ್ರವಗಳ ಪಾಠ ಬಂದಾಗ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದು ನನ್ನ ಹಳೆಯ ಅಭ್ಯಾಸ. ‘ನಿಮ್ಮ ಬೀದಿಯ ಚರಂಡಿಯಲ್ಲಿ ನೀರು ಯಾಕೆ ನಿಂತಿದೆ?’ ಇಳಿಜಾರು ಸಾಲದು ಎಂಬ ಉತ್ತರ ನನಗೆ ಬೇಕು. ಪ್ರತಿವರ್ಷ ಬರುವ ಉತ್ತರವೇ ಬೇರೆ: ‘ಮುನಿಸಿಪಾಲಿಟಿಯವರು ಬಂದಿಲ್ಲ ಸಾರ್!’ ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ತಪ್ಪು ಉತ್ತರ ಎಂದು ಹೊಡೆದುಹಾಕುವ ಹಾಗೂ ಇಲ್ಲ. ಈ ಎರಡು ಉತ್ತರಗಳ ನಡುವೆ ನಿಂತು ಒಂದು ಇಡೀ ಬಡಾವಣೆಯ ಬದುಕನ್ನು ಬದಲಿಸಿದ ಸೇವಾಸಂಸ್ಥೆಯೊಂದರ ಕಥೆಯನ್ನು ಈ ವಾರ ಹೇಳುತ್ತೇನೆ. ಅದು ಪಾಕಿಸ್ತಾನದ ಕರಾಚಿಯದು.

ಕರಾಚಿ ನಗರದ ವಾಯವ್ಯ ಅಂಚಿನಲ್ಲಿ ಒರಂಗಿ ಎಂಬ ಜಾಗವಿದೆ. 1971ರ ಯುದ್ಧದ ನಂತರ ಬಾಂಗ್ಲಾದೇಶದಿಂದ ಬಂದ ಬಿಹಾರಿ ಮುಸ್ಲಿಮರು, ಪಠಾಣರು, ಪಂಜಾಬಿಗಳು ಎಲ್ಲರೂ ಅಲ್ಲಿ ನೆಲೆಸಿದರು. ದಲ್ಲಾಳಿಗಳು ಸರ್ಕಾರಿ ಜಮೀನಿಗೆ ಗೀಟೆಳೆದು ನಿವೇಶನ ಮಾಡಿ ಮಾರಿದರು. ಓಣಿಗಳೇನೋ ನೇರವಾಗಿದ್ದವು. ಆದರೆ ಚರಂಡಿ ಮಾತ್ರ ಇರಲಿಲ್ಲ. ಪಾಯಖಾನೆಯ ಬಕೆಟ್ಟು, ತುಂಬಿ ಉಕ್ಕುವ ಇಂಗುಗುಂಡಿ, ಓಣಿಯ ನಡುವೆ ಹರಿಯುವ ಕೊಳಚೆ, ಅದರಲ್ಲೇ ಆಡುವ ಮಕ್ಕಳು.

1980ರಲ್ಲಿ ಅಲ್ಲಿಗೆ ಬಂದವರು ಅಖ್ತರ್ ಹಮೀದ್ ಖಾನ್. ಆಗ ಅವರಿಗೆ ಅರವತ್ತೈದು ವರ್ಷ. ಆಗ್ರಾದಲ್ಲಿ ಹುಟ್ಟಿ ಐಸಿಎಸ್ ಅಧಿಕಾರಿಯಾಗಿದ್ದ ಈ ಮನುಷ್ಯ, 1943ರ ಬಂಗಾಳದ ಕ್ಷಾಮವನ್ನು ಕಂಡ ಮೇಲೆ ಆ ಹುದ್ದೆ ಬಿಟ್ಟು, ಅಲಿಗಢದ ಹತ್ತಿರ ಕೂಲಿಯಾಗಿ, ಬೀಗ ಮಾಡುವವನಾಗಿ ದುಡಿದವರು. ಮುಂದೆ ಕೊಮಿಲ್ಲಾದಲ್ಲಿ ಮಾಡಿದ ಗ್ರಾಮಾಭಿವೃದ್ಧಿಯ ಕೆಲಸಕ್ಕೆ 1963ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತ್ತು. ಒರಂಗಿಯಲ್ಲಿ ಅವರು ಹಣ ಹಂಚಲಿಲ್ಲ. ಓಣಿ ಓಣಿ ತಿರುಗಿ, ಏನು ಬೇಕು ಎಂದು ಕೇಳಿದರು. ಚರಂಡಿ ಬೇಕು ಎಂದರು ಜನ. ಯಾರು ಮಾಡಬೇಕು? ಸರ್ಕಾರ, ಅದೂ ಪುಕ್ಕಟೆಯಾಗಿ!

ನನ್ನ ವಿದ್ಯಾರ್ಥಿಗಳ ಉತ್ತರವೇ ಅಲ್ಲವೇ?

ಈ ನಂಬಿಕೆಯೇ ಮೊದಲ ಅಡ್ಡಿ ಎಂದು ಖಾನ್ ಗುರುತಿಸಿದರು. ಎರಡನೆಯದು ಒಗ್ಗಟ್ಟಿಲ್ಲದಿರುವುದು, ಮೂರನೆಯದು ಖರ್ಚು, ನಾಲ್ಕನೆಯದು ತಿಳಿವಳಿಕೆಯ ಕೊರತೆ. ಅವರು ಕಟ್ಟಿದ ಸಂಸ್ಥೆಯ ಹೆಸರು ಒರಂಗಿ ಪೈಲಟ್ ಪ್ರಾಜೆಕ್ಟ್. ಅದರ ನಿಯಮ ಸರಳ. ಇಪ್ಪತ್ತು ಮೂವತ್ತು ಮನೆಗಳ ಒಂದು ಓಣಿ ಒಟ್ಟಾಗಬೇಕು, ತಮ್ಮಲ್ಲೇ ಒಬ್ಬರನ್ನು ಮುಖಂಡರನ್ನಾಗಿ ಆರಿಸಿ ಸಹಾಯ ಕೇಳಬೇಕು. ಆಮೇಲಷ್ಟೇ ಸಂಸ್ಥೆಯವರು ಉಪಕರಣ ಹೊತ್ತು ಬಂದು ಮಟ್ಟ ಅಳೆದು, ನಕ್ಷೆ ಬರೆದು, ಖರ್ಚಿನ ಅಂದಾಜು ಕೊಡುವರು. ಹಣ ಕೂಡಿಸುವುದು, ಸಾಮಾನು ಕೊಳ್ಳುವುದು, ಅಗೆಯುವುದು ಎಲ್ಲ ಓಣಿಯವರದೇ. ಜನರ ಹಣವನ್ನು ಸಂಸ್ಥೆ ಕೈಯಿಂದಲೂ ಮುಟ್ಟುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ. ಓಣಿ ನೂರು ಮೀಟರ್ ಉದ್ದವಿದೆ, ನೂರಕ್ಕೆ ಒಂದರಂತೆ ಇಳಿಜಾರು ಬೇಕು ಎಂದುಕೊಳ್ಳಿ. ಹಾಗಾದರೆ ಕೊಳವೆಯ ಈ ತುದಿಗಿಂತ ಆ ತುದಿ ಒಂದು ಮೀಟರ್ ಕೆಳಗಿರಬೇಕು. ಕಣ್ಣಂದಾಜಿನಲ್ಲಿ ಅಗೆದರೆ ನಡುವೆ ಒಂದು ಕಡೆ ತಗ್ಗು ಬಿದ್ದೇ ಬೀಳುತ್ತದೆ, ಅಲ್ಲೇ ಕೊಳಚೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅಳತೆ ಮೊದಲು, ಸಲಿಕೆ ಆಮೇಲೆ. ಇನ್ನೊಂದು ಜಾಣತನವೂ ಇತ್ತು. ಮನೆಯ ಪಾಯಖಾನೆಗೂ ಓಣಿಯ ಕೊಳವೆಗೂ ನಡುವೆ ಒಂದು ಚಿಕ್ಕ ತೊಟ್ಟಿ. ಅದನ್ನು ಅವರು ‘ಹೌದಿ’ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರಿಗೆ ‘ಹೌದ’ ನೆನಪಾಗಬಹುದು. ಗಟ್ಟಿ ಪದಾರ್ಥ ಅದರಲ್ಲಿ ತಂಗಿ, ತಿಳಿಯಾದ ನೀರಷ್ಟೇ ಮುಂದೆ ಹೋಗುವುದರಿಂದ ಸಣ್ಣ ಕೊಳವೆಯೂ ಕಟ್ಟಿಕೊಳ್ಳದು.

ಮೊದಮೊದಲು ಎಡವಿದ್ದೂ ಉಂಟು. ಜನರೇ ಹಾಕಿದ ಕಾಂಕ್ರೀಟು ಬಿರುಕು ಬಿಡುತ್ತಿತ್ತು. ಹದವಾಗಿ ಬೆರೆಸಿರಲಿಲ್ಲ, ಬೇಕಾದಷ್ಟು ದಿನ ನೀರು ಹಾಕಿರಲಿಲ್ಲ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ದೊಡ್ಡವರಲ್ಲೂ ಬಹಳ ಮಂದಿ ತಿಳಿದಿದ್ದಾರೆ. ಅದು ಗಟ್ಟಿಯಾಗುವುದು ನೀರಿನೊಂದಿಗೆ ರಾಸಾಯನಿಕವಾಗಿ ಕೂಡಿ. ಬೇಗ ಒಣಗಿದರೆ ಆ ಕ್ರಿಯೆ ಅರ್ಧಕ್ಕೇ ನಿಂತು ಸಿಮೆಂಟು ದುರ್ಬಲವಾಗುತ್ತದೆ. (ಹೊಸ ಮನೆ ಕಟ್ಟಿಸುವಾಗ ಅಜ್ಜಂದಿರು ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೆಯುವುದು ಕೆಲಸವಿಲ್ಲದೆ ಅಲ್ಲ!) ಸಂಸ್ಥೆ ಈ ತಪ್ಪುಗಳನ್ನು ಹುಡುಕಿ ತಿದ್ದಿತು. ಮ್ಯಾನ್‌ಹೋಲಿಗೆ ಉಕ್ಕಿನ ಅಚ್ಚುಗಳನ್ನು ಮಾಡಿಸಿ ಕೊಟ್ಟಿತು. ಗುತ್ತಿಗೆದಾರನ ಲಾಭವೂ ಇಲ್ಲ, ಮಾಮೂಲಿಯೂ ಇಲ್ಲ. ಹೀಗಾಗಿ ಮನೆಯೊಂದಕ್ಕೆ ಆಗಿನ ಅಲ್ಲಿನ ಲೆಕ್ಕದಲ್ಲಿ ಸುಮಾರು 1,000 ರೂಪಾಯಿಗೆ ಕೆಲಸ ಮುಗಿಯುತ್ತಿತ್ತು. ಸರ್ಕಾರಿ ಅಂದಾಜು ಇದರ ಹಲವು ಪಟ್ಟು ಇತ್ತು.

ಒಂದು ಓಣಿಯದನ್ನು ಕಂಡು ಪಕ್ಕದ ಓಣಿಯವರು ಬಂದರು. 2000ದ ನಂತರದ ವರ್ಷಗಳ ಹೊತ್ತಿಗೆ 90,000ಕ್ಕೂ ಹೆಚ್ಚು ಮನೆಗಳು ಹೀಗೆ ತಮ್ಮ ಹಣದಿಂದಲೇ ಚರಂಡಿ ಕಟ್ಟಿಕೊಂಡಿದ್ದವು. ಅದೇ ನಂಬಿಕೆಯ ಮೇಲೆ ಬೇರೆ ಕೆಲಸಗಳೂ ಬೆಳೆದವು. 1987ರಿಂದ ಸಣ್ಣ ಉದ್ಯೋಗಕ್ಕೆ ಸಾಲ, ಮನೆಯ ಕೋಣೆಯಲ್ಲೇ ಶಾಲೆ ನಡೆಸುವವರಿಗೆ ನೆರವು, ಹೆಂಗಸರಿಗೆ ಓಣಿಯಲ್ಲೇ ಆರೋಗ್ಯದ ತಿಳಿವಳಿಕೆ.

ಒಂದು ಮಾತು ನನ್ನನ್ನು ಕಾಡುತ್ತದೆ. ಉಳ್ಳವರ ಬಡಾವಣೆಗೆ ಸರ್ಕಾರ ತಾನೇ ಚರಂಡಿ ಹಾಕಿಕೊಡುವಾಗ, ಇಲ್ಲದವರು ಮಾತ್ರ ತಾವೇ ಅಗೆದುಕೊಳ್ಳಬೇಕೇ? ಆಕ್ಷೇಪಣೆ ನ್ಯಾಯವಾದದ್ದೇ. ಸಂಸ್ಥೆಯ ಉತ್ತರವೂ ಗಟ್ಟಿಯಾಗಿದೆ. ಮನೆಯ ಪಾಯಖಾನೆ, ಓಣಿಯ ಕೊಳವೆ, ಓಣಿಗಳನ್ನು ಕೂಡಿಸುವ ಕೊಳವೆ, ಇಷ್ಟು ಜನರಿಂದ ಸಾಧ್ಯ. ಅಲ್ಲಿಂದ ಮುಂದಿನ ದೊಡ್ಡ ಕಾಲುವೆ, ಶುದ್ಧೀಕರಣ ಘಟಕ ಜನರಿಂದ ಆಗದು. ಅದು ಸರ್ಕಾರದ್ದೇ ಹೊಣೆ. ನಕ್ಷೆ ಕೈಯಲ್ಲಿದ್ದರೆ ಆ ಹೊಣೆಯನ್ನು ಬೆರಳಿಟ್ಟು ತೋರಿಸಬಹುದು. ಆದರೆ ಒರಂಗಿಯ ಬಹುಪಾಲು ಕೊಳಚೆ ಶುದ್ಧವಾಗದೆ ನಾಲೆಗಳಿಗೇ ಹೋಗಿ ಸೇರಿತು ಎಂಬುದನ್ನೂ ಹೇಳಬೇಕು.

ಖಾನ್ 1999ರಲ್ಲಿ ತೀರಿಕೊಂಡರು. ನಕ್ಷೆಯ ಕೆಲಸವನ್ನು ಮುಂದುವರಿಸಿದವರಲ್ಲಿ ಮುಖ್ಯರು ಪರ್ವೀನ್ ರೆಹಮಾನ್ ಎಂಬ ವಾಸ್ತುಶಿಲ್ಪಿ. ಚರಂಡಿಯಿಂದ ಆರಂಭಿಸಿ, ಕರಾಚಿಯ ಅಂಚಿನ ಹಳ್ಳಿಗಳ ಜಮೀನು ಯಾರದು, ಮುಖ್ಯ ಕೊಳವೆಗಳಿಂದ ಕದ್ದ ನೀರು ಟ್ಯಾಂಕರುಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಅವರು ದಾಖಲಿಸತೊಡಗಿದರು. 2013ರ ಮಾರ್ಚ್ 13ರ ಸಂಜೆ ಕಚೇರಿಯಿಂದ ಮನೆಗೆ ಹೊರಟಿದ್ದಾಗ ಅವರನ್ನು ಗುಂಡಿಟ್ಟು ಕೊಂದರು.

‘ನಕ್ಷೆ ಬರೆದದ್ದಕ್ಕೆ ಯಾರಾದರೂ ಕೊಲ್ಲುತ್ತಾರೆಯೇ ಸಾರ್?’ ಎಂದು ಹುಡುಗಿಯೊಬ್ಬಳು ಕೇಳಿದಳು. ಮಾತಿನಲ್ಲಿ ಹೇಳುವುದಕ್ಕಿಂತ ಒಂದು ನಕ್ಷೆ ಬರೆಯೋಣ ಎಂದೆ. ಮೇಸ್ತ್ರಿಯವರ ಹತ್ತಿರ ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಕೇಳಿ ತಂದು ಶಾಲೆಯ ಹಿಂದಿನ ಬೀದಿಯನ್ನು ಅಳೆದೆವು. ಚರಂಡಿ ಮೂರು ಕಡೆ ತಗ್ಗಾಗಿತ್ತು. ಇನ್ನೂ ಎರಡು ಕಡೆ ಕುಡಿಯುವ ನೀರಿನ ಕೊಳವೆ ಚರಂಡಿಯೊಳಗೇ ಹಾದುಹೋಗಿತ್ತು. ಸರಬರಾಜು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ಆಗ ಸಣ್ಣ ಬಿರುಕಿದ್ದರೂ ಕೊಳಚೆ ಒಳಕ್ಕೆ ನುಗ್ಗುತ್ತದೆ. ಟೈಫಾಯಿಡ್, ಕಾಲರಾ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು. ಮಕ್ಕಳು ಅವೆರಡು ಜಾಗಗಳಿಗೆ ಕೆಂಪು ಶಾಯಿಯಿಂದ ಗುರುತು ಹಾಕಿದರು. ನಕ್ಷೆಯ ಒಂದು ಪ್ರತಿಯನ್ನು ವಾರ್ಡಿನ ಕಚೇರಿಗೆ ಕೊಟ್ಟು, ಪಡೆದದ್ದಕ್ಕೆ ಸಹಿ ಹಾಕಿಸಿಕೊಂಡು ಬಂದಿದ್ದೇವೆ. ಇನ್ನೊಂದು ಪ್ರತಿ ಆ ಬೀದಿಯ ಕಿರಾಣಿ ಅಂಗಡಿಯ ಗೋಡೆಯ ಮೇಲಿದೆ.