ಕಲ್ಲಿನ ಬಳ್ಳಿ

ಕೊಪ್ಪಳ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇಗುಲವನ್ನು ಅಲ್ಲಿಯ ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಅದೇ ಶತಮಾನದಲ್ಲಿ ಸಾಗರದಾಚೆಯ ಕಾಂಬೋಜದಲ್ಲಿ ಎರಡನೆಯ ಸೂರ್ಯವರ್ಮನು ಅಂಕೋರ್‌ವಾಟ್ ದೇಗುಲವನ್ನು ಕಟ್ಟಿಸಿದನು. ಇಟಗಿಯದು ನುಣುಪಾದ ಬಳಪದ ಕಲ್ಲು, ಅಲ್ಲಿಯದು ಮರಳುಗಲ್ಲು. ಆದರೂ ಕೀರ್ತಿಮುಖ, ಮಕರ, ಸುರುಳಿ ಬಳ್ಳಿಗಳು ಎರಡೂ ನಾಡುಗಳ ಶಿಲ್ಪಿಗಳ ಸಮಾನ ಸೊತ್ತು.

ಇಂದು ಈ ಅಲಂಕಾರಗಳು ಲಗ್ನಪತ್ರಿಕೆಗೂ ಕೈಚೀಲಕ್ಕೂ ಇಳಿದಿವೆ. ಅದು ಸಂತೋಷವೇ ಸರಿ. ಆದರೆ ಬಹುಮಟ್ಟಿಗೆ ಅವು ಇಳಿದಿರುವುದು ತುಂಡುತುಂಡಾಗಿ. ಬಳ್ಳಿ ಎಲ್ಲಿಂದ ಹೊರಟಿತೆಂಬುದೇ ತಿಳಿಯದು.

ಬಾಗಿಲವಾಡದ ಲತೆಯನ್ನು ಬರೆಯಬಯಸುವವರು ಎಲೆಯಿಂದ ಆರಂಭಿಸಬಾರದು. ಅಲೆಯಂತೆ ಬಾಗಿ ಏಳುವ ಕಾಂಡವನ್ನು ಮೊದಲು ಎಳೆಯಬೇಕು. ಬಳಿಕ ಪ್ರತಿಯೊಂದು ಬಾಗಿನ ಮಡಿಲಲ್ಲಿ ಒಂದು ಸುರುಳಿ. ಒಂದು ಬಲಕ್ಕೆ ತಿರುಗಿದರೆ ಮುಂದಿನದು ಎಡಕ್ಕೆ. ಎಲೆ, ಮೊಗ್ಗುಗಳು ಕಡೆಯಲ್ಲಿ ಬಂದು ಉಳಿದ ಎಡೆಯನ್ನು ತುಂಬಬೇಕು. ಮೂಲೆ ಬಂದಾಗ ಬಳ್ಳಿಯನ್ನು ಕತ್ತರಿಸದೆ ಹೊರಳಿಸಬೇಕು. ಹೀಗೆ ಕಲಿತ ಕೈ ಸೀರೆಯ ಅಂಚಿಗೂ ಅಂಗೈಯಗಲದ ಚೀಟಿಗೂ ಹೊಸ ಬಳ್ಳಿಯನ್ನು ಬೆಳೆಸಬಲ್ಲದು. ಬರಿಯ ನಕಲಿಗೆ ಒಗ್ಗಿದ ಕೈ ಅಳತೆ ಬದಲಾದೊಡನೆ ತಡವರಿಸುತ್ತದೆ.

ಇದಕ್ಕೆ ಸಾಕ್ಷಿ ದೂರವಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಗಳ ಮೇಲೆ ಕಲ್ಲಿನ ಪುಡಿಗೆ ಅಂಟು ಕಲಸಿ ಒಡವೆಗಳನ್ನು ಉಬ್ಬಿಸುತ್ತಾರೆ. ಗೊಂಬೆ ಚಿಕ್ಕದಿರಲಿ, ದೊಡ್ಡದಿರಲಿ, ಸರವು ಕೊರಳಿನಿಂದಲೇ ಇಳಿಯುತ್ತದೆ. ಇಟಗಿಯ ಬಾಗಿಲಿನೆದುರು ಒಂದು ಹಗಲು ಪೆನ್ಸಿಲು ಹಿಡಿದು ಕುಳಿತ ತರುಣನಿಗೂ ಈ ಪಾಠ ದೊರೆಯದಿರದು.